ಸೋಪಿನ ಕಾರ್ಖಾನೆಯ ಮೀನಿನ ತೊಟ್ಟಿ

ನಾನು ಒಂದು ಗಾಜಿನ ತೊಟ್ಟಿ. ಮೂರಡಿ ಉದ್ದ, ಒಂದೂವರೆ ಅಡಿ ಎತ್ತರ. ತುಮಕೂರಿನ ಸಣ್ಣದೊಂದು ಗಾಜಿನ ಅಂಗಡಿಯಲ್ಲಿ ಇನಾಯತ್ ಸಾಬರು ಐದು ಗಾಜುಗಳನ್ನು ಅಂಟಿನಿಂದ ಕೂಡಿಸಿ ನನ್ನನ್ನು ಮಾಡಿದರು. ಅಂಟು ಒಣಗಿದ ಮೇಲೆ ತುಂಬ ನೀರು ಹಾಕಿ, ಒಂದು ಹಗಲೆಲ್ಲ ಬಿಟ್ಟು, ಅಡಿಯಲ್ಲಿ ಹಾಸಿದ್ದ ಪೇಪರನ್ನು ಮುಟ್ಟಿ ನೋಡಿದರು. ಒಣಗಿಯೇ ಇತ್ತು. “ಒಂದ್ ಹನೀನೂ ಬಿಟ್ಟಿಲ್ಲ, ಭೇಷ್” ಎಂದು ನನ್ನ ಬೆನ್ನು ತಟ್ಟಿದರು. ಆ ಒಂದು ಕೆಲಸದಲ್ಲಿ ನಾನು ಇವತ್ತಿಗೂ ತಪ್ಪಿಲ್ಲ. ತಪ್ಪಿದ್ದು ಬೇರೆಯದರಲ್ಲಿ. ಅದನ್ನು ಹೇಳಿಕೊಳ್ಳದೆ ಒಡೆದುಹೋದರೆ ನನ್ನ ಚೂರುಗಳಿಗೂ ನೆಮ್ಮದಿ ಇರುವುದಿಲ್ಲ.

ನನ್ನನ್ನು ಕೊಂಡವರು ಧವಳಶ್ರೀ ಸೋಪು ಕಾರ್ಖಾನೆಯವರು. ಬಟ್ಟೆ ಸೋಪು, ಪಾತ್ರೆ ಸೋಪು, ಸೋಪಿನ ಪುಡಿ ಎಲ್ಲ ಅಲ್ಲೇ ತಯಾರಾಗುತ್ತಿತ್ತು. ಮಿಕ್ಕ ಗಲೀಜು ನೀರನ್ನು ಹಿಂಭಾಗದ ದೊಡ್ಡ ತೊಟ್ಟಿಗಳಲ್ಲಿ ಶುದ್ಧಿ ಮಾಡಿ ಬೇಲಿಯಾಚೆಯ ಹಳ್ಳಕ್ಕೆ ಬಿಡುತ್ತಿದ್ದರು. ಹಾಗೆ ಶುದ್ಧಿ ಮಾಡಿದ ನೀರನ್ನು ಒಂದು ಗಾಜಿನ ತೊಟ್ಟಿಗೆ ತುಂಬಿ, ಮೀನು ಬಿಟ್ಟು, ಬಂದವರಿಗೆ ತೋರಿಸುವುದು ಇಂಥ ಕಾರ್ಖಾನೆಗಳ ಪದ್ಧತಿ. ಕಾಗದದ ಮೇಲಿನ ಅಂಕಿ ಎಷ್ಟು ಜನರಿಗೆ ಅರ್ಥವಾದೀತು? ಮೀನು ಬದುಕಿದೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಗೇಟಿನ ಪಕ್ಕದ ಜಗಲಿಯ ಮೇಲೆ ನನ್ನನ್ನು ಕೂರಿಸಿ, ‘ನಮ್ಮ ನೀರು, ನಮ್ಮ ಜವಾಬ್ದಾರಿ’ ಎಂಬ ಹಸಿರು ಬೋರ್ಡು ಹಾಕಿದರು.

ನನ್ನನ್ನು ನೋಡಿಕೊಂಡವರು ರಂಗಧಾಮಯ್ಯ. ನೀರು ಶುದ್ಧಿ ಮಾಡುವ ಘಟಕದಲ್ಲಿ ಅವರ ಕೆಲಸ. ದಿನಾ ಬೆಳಿಗ್ಗೆ ಅಲ್ಲಿಂದ ಬಕೆಟ್ಟಿನಲ್ಲಿ ನೀರು ತಂದು ನನಗೆ ಹಾಕುವರು. ಆರು ಕೆಂಪು ಮೀನುಗಳಿದ್ದವು. ಕಾಳು ಹಾಕುವಾಗ “ಬರ್ರಪ್ಪಾ, ಬರ್ರೀ” ಎಂದು ಮನೆ ಮಕ್ಕಳನ್ನು ಊಟಕ್ಕೆ ಕರೆದ ಹಾಗೆ ಕರೆಯುವರು. ಆಗ ನನ್ನೊಳಗಿದ್ದ ನೀರು ನಿಜದ ನೀರು. ಆ ದಿನಗಳನ್ನು ನೆನೆದರೆ ಈಗಲೂ ಹಿತವೆನಿಸುತ್ತದೆ.

ಮೂರನೆಯ ವರ್ಷ ಪುಡಿಗೆ ಬೇಡಿಕೆ ಹೆಚ್ಚಿತು. ಕಾರ್ಖಾನೆಯಲ್ಲಿ ಇನ್ನೊಂದು ಸಾಲು ಯಂತ್ರ ಬಂತು. ಗಲೀಜು ನೀರು ಎರಡರಷ್ಟಾಯಿತು, ಅದನ್ನು ಶುದ್ಧಿ ಮಾಡಲು ಗಾಳಿ ಊದುವ ಮೋಟಾರು ಮಾತ್ರ ಒಂದೇ ಉಳಿಯಿತು. ಒಂದು ಬೆಳಿಗ್ಗೆ ರಂಗಧಾಮಯ್ಯ ತಂದು ಹಾಕಿದ ನೀರಿನಲ್ಲಿ ನೊರೆಯಿತ್ತು. ಮಧ್ಯಾಹ್ನದ ಹೊತ್ತಿಗೆ ಆರೂ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಅವರು ಕಣ್ಣೊರೆಸಿಕೊಂಡು ಪರಿಸರ ಅಧಿಕಾರಿ ಸುದರ್ಶನ್ ಅವರ ಬಳಿ ಓಡಿದರು.

“ಇನ್ನೊಂದು ಮೋಟಾರ್ ಬೇಕೇ ಬೇಕು ಸಾರ್. ಇಲ್ದಿದ್ರೆ ಆಗಲ್ಲ.”

“ಬರೆದು ಕಳಿಸಿದ್ದೀನಿ ರಂಗಧಾಮಯ್ಯ. ಸೋಮವಾರ ಹೆಡ್ಡಾಫೀಸಿನವರು ಬರ್ತಾರೆ. ಸದ್ಯಕ್ಕೆ ಬೇರೆ ಮೀನು ತಂದು ಬೋರ್‌ವೆಲ್ ನೀರು ಹಾಕಿ. ಸದ್ಯಕ್ಕೆ ಅಷ್ಟೇ.”

ಆ ‘ಸದ್ಯಕ್ಕೆ’ ಎರಡು ವರ್ಷ ನಡೆಯಿತು. ನನ್ನೊಳಗೆ ಏನಿದೆ ಎಂದು ಎಲ್ಲರಿಗೂ ಕಾಣುತ್ತದೆ, ಎಲ್ಲಿಂದ ಬಂತು ಎಂದು ಯಾರಿಗೂ ಕಾಣುವುದಿಲ್ಲ. ಬಂದವರು ನನ್ನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಕಂಪನಿಯ ವಾರ್ಷಿಕ ವರದಿಯ ರಕ್ಷಾಪುಟದ ಮೇಲೂ ನಾನೇ ಬಂದೆ. ನನಗೆ ಜಂಬ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ರಂಗಧಾಮಯ್ಯನವರಿಗೆ ಮಾತ್ರ ಕುಂಬಳಕಾಯಿ ಕಳ್ಳನ ಪಾಡು. ಯಾರಾದರೂ ‘ನೀರು’ ಎಂದರೆ ಸಾಕು, ಬೆಚ್ಚಿ ತಿರುಗುತ್ತಿದ್ದರು.

ಪರಿಸರ ದಿನದಂದು ಊರಿನವರನ್ನು ಕರೆದು ಗಿಡ ಹಂಚಿದರು. ಅವರಲ್ಲಿ ಪುಟ್ಟಲಿಂಗಮ್ಮ ಇದ್ದಳು. ಹಳ್ಳದ ದಂಡೆಯ ಹತ್ತು ಗುಂಟೆಯಲ್ಲಿ ದಂಟು, ಸಬ್ಬಸಿಗೆ, ಮೆಂತ್ಯ ಬೆಳೆದು ಬುಟ್ಟಿಯಲ್ಲಿ ಹೊತ್ತು ಮಾರುವವಳು. ಹಳ್ಳದಲ್ಲಿ ನೊರೆ ಕಂಡಾಗಿನಿಂದ ಆ ನೀರು ಮುಟ್ಟದೆ, ಊರ ನಲ್ಲಿಯಿಂದ ಕೊಡ ಹೊತ್ತು ತಂದು ಸೊಪ್ಪಿಗೆ ಹಾಕುತ್ತಿದ್ದಳು. ಅವಳು ಗಿಡದ ಕಡೆ ನೋಡಲೇ ಇಲ್ಲ. ನನ್ನ ಹತ್ತಿರ ಬಂದು ಬಗ್ಗಿದಳು. ಅವಳ ಉಸಿರು ನನ್ನ ಮೈಗೆ ತಾಗಿ ಮಂಜಾಯಿತು. ಸೆರಗಿನಿಂದ ಒರೆಸಿ ಮತ್ತೆ ನೋಡಿದಳು.

“ರಂಗಣ್ಣ, ಹಳ್ಳಕ್ ಬಿಡೋದು ಇದೇ ನೀರಾ?”

ಸುದರ್ಶನ್ ಎರಡು ಹೆಜ್ಜೆಯಾಚೆ ನಿಂತಿದ್ದರು. ರಂಗಧಾಮಯ್ಯ ನೆಲ ನೋಡುತ್ತ, “ಹೂಂ ಕಣವ್ವ, ಇದೇಯ” ಎಂದರು.

“ಅಯ್ಯೋ, ಸುಮ್ನೆ ಕೊಡ ಹೊತ್ತು ಸೊಂಟ ಮುರ್ಕೊಂಡ್ನಲ್ಲ!” ಎಂದು ಅವಳು ನಕ್ಕುಬಿಟ್ಟಳು.

ಆ ನಗು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಗಾಜಿಗೆ ಬಾಯಿಲ್ಲ ಎನ್ನುವುದು ನೆಪ. ಆ ಕ್ಷಣ ಬಿರುಕು ಬಿಟ್ಟಾದರೂ ಹೇಳಬಹುದಿತ್ತು. ಥಳಥಳ ಹೊಳೆಯುತ್ತ ಕೂತಿದ್ದೆ.

ಅವಳು ಮತ್ತೆ ಬಂದದ್ದು ಒಂದು ತಿಂಗಳಾದ ಮೇಲೆ. ಅಂದು ಪರಿಸರ ಪ್ರಶಸ್ತಿ ಕೊಡುವ ಸಂಸ್ಥೆಯ ಇಬ್ಬರು ಬಂದಿದ್ದರು. ಸುದರ್ಶನ್ ನನ್ನನ್ನು ತೋರಿಸಿ ವಿವರಿಸುತ್ತಿದ್ದರು. ಪುಟ್ಟಲಿಂಗಮ್ಮನ ಸೊಂಟದಲ್ಲಿ ಒಂದು ಕೊಡ, ಕೈಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು. ಎಲೆಯೆಲ್ಲ ಅಂಚಿನಿಂದ ಸುಟ್ಟು ಕಂದಾಗಿತ್ತು. ಅದನ್ನು ನನ್ನ ಮುಂದೆ ಹಾಕಿದಳು.

“ಹಳ್ಳದ್ ನೀರು ಹಾಕಿ ಹತ್ತು ಗುಂಟೇನೂ ಹಿಂಗೇ ಆಗೈತೆ. ನಿಮ್ ನೀರು ಚೆನ್ನಾಗೈತೆ ಅಂತೀರಿ, ಊರೋರು ನಂದೇ ತಪ್ಪು ಅಂತಾರೆ. ಇದು ಹಳ್ಳದ್ ನೀರು, ಈಗ್ಲೇ ತುಂಬ್ಕೊಂಡ್ ಬಂದೆ. ಇದ್ರಾಗೆ ಹಾಕ್ತೀನಿ. ಮೀನು ಬದುಕಿದ್ರೆ ತಪ್ಪು ನಂದೇ ಅಂತ ಒಪ್ಕೊಂಡು ಹೋಯ್ತೀನಿ.”

ಯಾರೂ ಅಡ್ಡ ಬರಲಿಲ್ಲ. ಅತಿಥಿಗಳ ಮುಂದೆ ಬೇಡವೆನ್ನುವುದಾದರೂ ಹೇಗೆ? ಅವಳು ಕೊಡವನ್ನು ಎತ್ತಿ ನನ್ನ ಅಂಚಿಗೆ ಬಗ್ಗಿಸಿದಳು. ಮೊದಲ ಹನಿ ಬೀಳುವಷ್ಟರಲ್ಲಿ ರಂಗಧಾಮಯ್ಯ ಓಡಿ ಬಂದು ಎರಡೂ ಕೈಯಿಂದ ಕೊಡ ಹಿಡಿದುಕೊಂಡರು.

“ಬ್ಯಾಡ ಕಣವ್ವ! ಸತ್ತೋಯ್ತವೆ!”

ಅತಿಥಿಗಳಲ್ಲೊಬ್ಬರು ಮೆಲ್ಲಗೆ, “ಹಾಗಾದ್ರೆ ಇದು ಯಾವ ನೀರು?” ಎಂದರು.

“ಬೋರ್‌ವೆಲ್ ನೀರು ಸಾರ್. ಎರಡು ವರ್ಷದಿಂದ” ಎಂದರು ರಂಗಧಾಮಯ್ಯ.

ಪುಟ್ಟಲಿಂಗಮ್ಮ ಅವರನ್ನು ಬೈಯಲಿಲ್ಲ. “ಆರು ಮೀನಿಗೆ ಓಡಿ ಬಂದ್ಯಲ್ಲ ರಂಗಣ್ಣ, ಅವತ್ತು ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ?” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಪ್ರಶಸ್ತಿ ಬರಲಿಲ್ಲ. ವರ್ಷಗಟ್ಟಲೆ ಬಾರದಿದ್ದ ಮೋಟಾರು ಒಂದೇ ತಿಂಗಳಲ್ಲಿ ಬಂತು. ಸುದರ್ಶನ್‌ಗೆ ವರ್ಗವಾಯಿತು. ರಂಗಧಾಮಯ್ಯನವರಿಗೆ ನಾಳೆಯಿಂದ ಬರಬೇಡಿ ಎಂದರು. ನನ್ನ ಜಾಗದಲ್ಲಿ ಹೊಳೆಯುವ ಅಂಕಿಗಳ ಫಲಕವೊಂದನ್ನು ನಿಲ್ಲಿಸಿದರು. ಗುಜರಿಗೆ ಹೊರಟಿದ್ದ ನನ್ನನ್ನು ರಂಗಧಾಮಯ್ಯ ಕೇಳಿ ಪಡೆದು, ಮೀನುಗಳ ಸಮೇತ ಪುಟ್ಟಲಿಂಗಮ್ಮನ ತೋಟದ ಹೊಂಗೆ ಮರದಡಿ ತಂದಿಟ್ಟರು. ಈಗ ಅವರೂ ಅವಳ ಜೊತೆ ಮಡಿ ಕಟ್ಟುತ್ತಾರೆ. ಸುಟ್ಟ ಮಣ್ಣಿಗೆ ಗೊಬ್ಬರ ಹೊತ್ತು ಹಾಕುತ್ತಾರೆ.

ದಿನಾ ಬೆಳಿಗ್ಗೆ ಅವರು ಹಳ್ಳದ ನೀರನ್ನು ನನಗೆ ತುಂಬುವರು. ಮೊದಮೊದಲು ನೊರೆ ಕಂಡು ಚೆಲ್ಲಿಬಿಡುತ್ತಿದ್ದರು, ಮೀನುಗಳು ಬಾಂಡ್ಲಿಯಲ್ಲೇ ಕಾದವು. ನೀರು ತಿಳಿಯಾಗಿ ಎರಡು ತಿಂಗಳು ಕಳೆದ ಮೇಲೆ, ಒಂದು ಮೀನು ಬಿಟ್ಟರು. ಅದು ಬದುಕಿತು. ಆಮೇಲೆ ಉಳಿದವನ್ನೂ ಬಿಟ್ಟರು. ಎಂಟು ತಿಂಗಳಾಯಿತು, ಆರೂ ಚೆನ್ನಾಗಿವೆ. ನನಗೆ ಒಂದು ಮೂಲೆಯಲ್ಲಿ ಸೀಳು ಬಂದಿದೆ, ಆದರೂ ಹನಿ ಸೋರಿಲ್ಲ. ಮೈಗೆ ಪಾಚಿ ಹಿಡಿದಿದೆ. ಆದರೆ ನನ್ನೊಳಗೆ ಮತ್ತೆ ನಿಜದ ನೀರಿದೆ.

ನಿನ್ನೆ ಪುಟ್ಟಲಿಂಗಮ್ಮ ಊರ ನಲ್ಲಿಯಿಂದ ಕೊಡ ಹೊತ್ತು ಬರುವುದನ್ನು ಕಂಡು ರಂಗಧಾಮಯ್ಯ ತಡೆಯಲಾರದೆ ಕೇಳಿದರು: “ಇನ್ನೂ ಯಾಕವ್ವ ಹೊರ್ತೀಯ? ನೋಡು, ಎಷ್ಟ್ ಚೆನ್ನಾಗ್ ಆಡ್ತಾವೆ.”

ಅವಳು ಕೊಡ ಇಳಿಸದೆಯೇ ನನ್ನ ಕಡೆ ಒಮ್ಮೆ ನೋಡಿದಳು.

“ಅವತ್ತೂ ಹಿಂಗೇ ಆಡ್ತಿದ್ವು ಕಣಣ್ಣ” ಎಂದು ಸೊಪ್ಪಿನ ಮಡಿಯ ಕಡೆ ನಡೆದಳು.