ರಾಚವ್ವನ ಕೌದಿ ಮತ್ತು ಜ್ವರ ಬಾರದ ಸೊಳ್ಳೆ

೧

ಎಲ್ಲಿಂದ ಶುರು ಮಾಡಲಿ? ಸೊಳ್ಳೆಯಿಂದಲೋ, ರಾಚವ್ವನಿಂದಲೋ? ಸೊಳ್ಳೆಯಿಂದಾದರೆ ಇವನಿಗೆ ವಿಜ್ಞಾನ ಗೊತ್ತು ಎಂದು ನೀವು ನಾಲ್ಕು ಸಾಲಿನ ಮಟ್ಟಿಗಾದರೂ ಗೌರವಿಸುತ್ತೀರಿ. ರಾಚವ್ವನಿಂದ ಶುರು ಮಾಡದಿದ್ದರೆ ಅವಳು ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಆಗಲಿ. ೨೦೦೬, ಮನೋಳಿ. ಊರಿಗೆ ಊರೇ ಚಿಕೂನ್‌ಗುನ್ಯಾ ಹಿಡಿದು ಕುಂಟುತ್ತಿತ್ತು. ರಾಚವ್ವನ ಮಗಳು ಮೀನಾ ತವರಿಗೆ ಬಂದು ಹೆಣ್ಣು ಹೆತ್ತಿದ್ದಳು. ತೊಟ್ಟಿಲ ಕಾರ್ಯಕ್ಕೆ ಐದೇ ದಿನ. ಮೊಮ್ಮಗಳಿಗೆ ಹಾಸಲು ರಾಚವ್ವ ಹಳೆಯ ಸೀರೆಗಳ ತುಂಡು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ನಟ್ಟನಡುವಿನ ಒಂದು ತುಂಡು ಉಳಿದಾಗ ಜ್ವರ ಬಂತು. ಮೂರು ದಿನಕ್ಕೆ ಜ್ವರ ಹೋಯಿತು, ಹೋಗುವಾಗ ಬೆರಳುಗಳನ್ನೂ ಒಯ್ದಿತು. ಸೂಜಿ ಹಿಡಿದರೆ ಕಣ್ಣಲ್ಲಿ ನೀರು.

(ಕರುಣರಸ ಜಾಸ್ತಿಯಾಯಿತು. ಈ ಕರಡು ಹರಿದೆ.)

೧, ಮತ್ತೊಮ್ಮೆ

ಸೊಳ್ಳೆಯಿಂದಲೇ ಆಗಲಿ. ರಾಚವ್ವನನ್ನು ಕಚ್ಚಿದ ಸೊಳ್ಳೆಯ ಮೈಯಲ್ಲೂ ಅದೇ ವೈರಸ್ ಇತ್ತು. ಅದಕ್ಕೆ ಜ್ವರವಿಲ್ಲ, ಕೀಲುನೋವಿಲ್ಲ, ಆರೂ ಕಾಲು ನೆಟ್ಟಗೆ. ಯಾಕೆಂದರೆ ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ಅದರ ಆರ್‌ಎನ್‌ಎ ಜೋಡಿ ಎಳೆಯಾಗುತ್ತದೆ. ಸೊಳ್ಳೆಯ ಜೀವಕೋಶದಲ್ಲಿರುವ ಡೈಸರ್ ಎಂಬ ಕತ್ತರಿ ಆ ಜೋಡಿ ಎಳೆಯನ್ನು ಚೂರು ಮಾಡುತ್ತದೆ. ಇನ್ನೊಂದು ಪ್ರೋಟೀನು ಒಂದು ಚೂರನ್ನು ಹಿಡಿದುಕೊಂಡು...

“ನಮೂನಿ ತುಂಡು ಹಿಡಕೊಂಡು ಅರಿವಿ ಅಂಗಡಿಗೆ ಹೋದಂಗ,” ಎಂದು ರಾಚವ್ವ ನನ್ನ ವಾಕ್ಯದೊಳಗೇ ನುಗ್ಗಿದಳು. “ಅದಕ್ಕ ಹೊಂದೂದನ್ನ ಹುಡುಕಿ ಕತ್ತರಿಸೂದು. ಇಷ್ಟ ಹೌದಲ್ಲೋ ತಮ್ಮಾ?”

ಇಷ್ಟೇ. ಕತ್ತರಿಗೆ ಸಿಗುವುದು ವೈರಸ್ಸಿನ ಎಳೆ, ಹಾಗಾಗಿ ವೈರಸ್ ಮೈಯಲ್ಲಿದ್ದರೂ ಮಿತಿ ಮೀರುವುದಿಲ್ಲ. (ಇದಕ್ಕೆ ನಾನು ಎರಡು ಪುಟ ಬರೆದಿದ್ದೆ.)

“ಗುಂಗಾಡಿಗೆ ಕೊಟ್ಟ ಕತ್ತರಿ ದೇವ್ರು ನನಗ್ಯಾಕ ಕೊಡಲಿಲ್ಲ?” ಸೊಳ್ಳೆಗೆ ಅವಳು ಗುಂಗಾಡಿ ಎನ್ನುತ್ತಾಳೆ.

“ನಿಮ್ಮೊಳಗೂ ಐತ್ರಿ ಅವ್ವಾರ. ಆದರ ವೈರಸ್ ಹೊಕ್ಕರ ಮನಷ್ಯಾರ ಮೈ ಮೊದಲ ಬೊಬ್ಬಿ ಹೊಡಿತೈತಿ. ಇಂಟರ್‌ಫೆರಾನ್ ಅಂತಾರ. ಜ್ವರಾ, ಮೈನೋವು ಎಲ್ಲಾ ಆ ಗದ್ದಲದ್ದ. ನಮ್ಮ ಕತ್ತರಿ ವೈರಸ್ ಮ್ಯಾಲ ನಡಿತೈತೋ ಇಲ್ಲೋ ಅಂತ ವಿಜ್ಞಾನಿಗಳು ಇನ್ನೂ ಜಗಳಾಡಾಕ ಹತ್ಯಾರ್ರಿ.”

“ಅವರ ಜಗಳಾ ಹರಿಯೂತನಕಾ ನನ್ನ ಕೂಸು ಕಾಯಬೇಕೇನು? ನೀ ಕಥಿ ಬರಿಯಾಂವ. ಬರಿ, ರಾಚವ್ವನ ಕತ್ತರಿ ನಡೀತು, ಬೆರಳ ಮಡಚಿದವು ಅಂತ.”

೨

ಬರೆಯಬಹುದಿತ್ತು. ಆದರೆ ಆ ವರ್ಷವೇ ಈ ಕತ್ತರಿಯ ಗುಟ್ಟನ್ನು ಒಂದು ಹುಳುವಿನಲ್ಲಿ ಕಂಡವರಿಗೆ ಜಗತ್ತಿನ ದೊಡ್ಡ ಬಹುಮಾನ ಬಂದಿತ್ತು. ಹುಳುವಿನ ಮುಂದೆ ಸುಳ್ಳು ಹೇಳಲು ನಾಚಿಕೆಯಾಯಿತು.

ಹಾಗಾಗಿ ಸೂಜಿ ನಾನೇ ಹಿಡಿದೆ. ನಡುವಿನ ತುಂಡನ್ನು ನಾಲ್ಕೂ ಕಡೆ ಬಿಗಿಯಾಗಿ ಹೊಲಿದೆ. ಕೌದಿ ಮುಗಿಯಿತು, ಎಲ್ಲರೂ ಸುಖವಾಗಿದ್ದರು, ಶುಭಂ.

ರಾಚವ್ವ ಕೌದಿಯ ನಡುವೆ ಅಂಗೈ ಇಟ್ಟು ತಡವಿದಳು. “ರೊಟ್ಟಿ ಎಲ್ಲಿ?”

“ಯಾವ ರೊಟ್ಟಿರಿ?”

“ಅಯ್ಯ ನಿನ್ನ! ಕೌದಿ ಹೊಟ್ಟಿಗೆ ರೊಟ್ಟಿ ಚೂರು ಇಡದ ಹೊಲದಿ? ಉಪವಾಸ ಇದ್ದ ಕೌದಿ ಕೂಸನ್ನ ಹೆಂಗ ಬೆಚ್ಚಗ ಇಟ್ಟೀತು?”

ಒಳಗಿನ ಕೋಣೆಯಿಂದ ಮೀನಾ ಕಿಸಕ್ಕನೆ ನಕ್ಕಳು. ಹೊಲಿಗೆ ಬಿಚ್ಚಲು ಬೆರಳು ಬಾಗಲಿಲ್ಲ, ರಾಚವ್ವ ಹಲ್ಲಿನಿಂದ ಒಂದೊಂದೇ ದಾರ ಕಡಿದಳು. ನನ್ನ ಮುಕ್ತಾಯ ಹಾಗೆ ಹೋಯಿತು. ಅವಮಾನವಾಯಿತು ನಿಜ, ಆದರೆ ಆ ಊದಿದ ಬೆರಳು ನೋಡಿ ಅದಕ್ಕಿಂತ ಹೆಚ್ಚು ಸಂಕಟವಾಯಿತು.

“ರೊಟ್ಟಿ ತರತೇನ್ರಿ, ಮತ್ತ ಹೊಲಿತೇನಿ,” ಎಂದೆ.

“ಬ್ಯಾಡ. ಬೆರಳ ಮಡಚಿದ ದಿನಾ ನಾನ ರೊಟ್ಟಿ ಬಡದು, ನಾನ ಇಟ್ಟು, ನಾನ ಹೊಲಿತೇನಿ. ಅಲ್ಲೀತನಕಾ ಬಾಯಿ ತೆರದ ಇರಲಿ.”

“ಅದು ಯಾವತ್ತರಿ?”

“ನಿನಗ ಗೊತ್ತಿದ್ರ ಬರಿ.”

ನನಗೆ ಗೊತ್ತಿಲ್ಲ. ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷ.

೪

(ಮೂರನೆಯದರಲ್ಲಿ ಅವಳ ಬೆರಳು ಮಡಚಿದ್ದವು. ನಾನೇ ನಂಬಲಿಲ್ಲ, ತೆಗೆದೆ.)

ತೊಟ್ಟಿಲ ದಿನ. ಬಾಯಿ ತೆರೆದ ಕೌದಿಯ ಮೇಲೆ ಕೂಸು ಮಲಗಿದೆ. ಬಂದವರೆಲ್ಲ ಕೂಸನ್ನು ಎತ್ತಿಕೊಳ್ಳುವಾಗ ನಡುವಿನ ತೂತು ನೋಡಿ ರಾಚವ್ವನ ಮುಖ ನೋಡುತ್ತಾರೆ. ಇಲ್ಲಿಗೆ ಒಂದು ಗಂಭೀರವಾದ ಕೊನೆಯ ಸಾಲು ಹೊಂದಿಸಿಟ್ಟುಕೊಂಡಿದ್ದೆ, ಕೇಳಿ...

“ತಮ್ಮಾ! ಗುಂಗಾಡಿ!”

ತೊಟ್ಟಿಲಿನೊಳಗೆ, ಕೂಸಿನ ಕೆನ್ನೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಸೊಳ್ಳೆ ಹಾರುತ್ತಿದೆ. ರಾಚವ್ವ ಎರಡೂ ಕೈ ಎತ್ತಿದಳು. ಕೈಗಳು ಅರ್ಧಕ್ಕೇ ನಿಂತವು.

“ಬರಿಯೂದು ಬಿಡೋ, ಮೊದಲ ಇದನ್ನ ಹೊಡಿ!”

ಓದುಗರೇ, ಪೆನ್ನು ಕೆಳಗಿಡುತ್ತಿದ್ದೇನೆ. ಇದಕ್ಕೆ ಎರಡೂ ಕೈ ಬೇಕು.