ಬಾಯಿ ಜಾರಿದ ಪ್ರಾರ್ಥನೆ

ಮಗು ಉಳಿಯಿತು ಎಂದು ಡಾಕ್ಟರು ಹೇಳಿದ ದಿನವೇ ಅವಳಿಗೆ ಭಯ ಶುರುವಾದದ್ದು.

ಅಲ್ಲಿಯವರೆಗೆ ಇದ್ದದ್ದು ಬರೀ ಸಂಕಟ. ಮೆದುಳು ಜ್ವರ ಬಂದು ಮಗಳು ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ ಅವಳು ಹೊರಗಿನ ಬೆಂಚಿನ ಮೇಲೆ ಕೂತು ಪ್ರಾರ್ಥಿಸುತ್ತಿದ್ದಳು. ಮೊದಮೊದಲು ಚರ್ಚಿನಲ್ಲಿ ಕಲಿತ ಮಾತುಗಳು ಬಂದವು. ಬರಬರುತ್ತಾ ಅವೂ ಬತ್ತಿದವು. ಒಂದು ಸಂಜೆ ನರ್ಸ್ ಮುಖ ತಗ್ಗಿಸಿಕೊಂಡು ಅವಳ ಮುಂದೆಯೇ ಹಾದುಹೋದಾಗ ಬಾಯಿಂದ ಬೇರೆಯೇ ಮಾತು ಜಾರಿತು: "ಸ್ವಾಮಿ, ಇವಳನ್ನ ಬಿಟ್ಟುಬಿಡು. ಬೇಕಿದ್ರೆ ನನ್ನ ಮನೆಯಿಂದ ಬೇರೆ ಯಾರನ್ನಾದ್ರೂ ತಗೋ."

ಮರುದಿನ ಬೆಳಿಗ್ಗೆ ಮಗು ಕಣ್ಣು ಬಿಟ್ಟು ನೀರು ಕೇಳಿತು.

ಎಲ್ಲರೂ ಸ್ತೋತ್ರ ಹೇಳಿದರು. ಅವಳೂ ಹೇಳಿದಳು, ಆದರೆ ಹೇಳುತ್ತಲೇ ಹಿಂದಿನ ಸಂಜೆ ಆಡಿದ ಮಾತು ನೆನಪಾಯಿತು. ಮನೆಯಲ್ಲಿ ಮಗಳನ್ನು ಬಿಟ್ಟರೆ ಇದ್ದವರು ಅವಳು, ಗಂಡ, ಅತ್ತೆ. ಅತ್ತೆ ಹಣ್ಣೆಲೆ, ಅವರನ್ನು ಕರೆದುಕೊಳ್ಳಲು ದೇವರಿಗೆ ಇವಳ ಅಪ್ಪಣೆ ಬೇಕಿರಲಿಲ್ಲ. ತನ್ನನ್ನೇ ಒಯ್ದರೆ ಒಯ್ಯಲಿ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಉಳಿದವನು ಗಂಡ. ಅವನ ಕೆಲಸವೋ, ಎತ್ತರದ ಕಟ್ಟಡಗಳ ಹೊರಗೋಡೆಯಲ್ಲಿ ಹಗ್ಗಕ್ಕೆ ಜೋತುಬಿದ್ದು ಗಾಜು ಒರೆಸುವುದು.

ಭಯವಾಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಅವನದು ಒಂದೇ ಉತ್ತರ: ತಾನು ಕೆಳಗೆ ನೋಡುವುದೇ ಇಲ್ಲ, ನೋಡುವುದು ಗಾಜನ್ನು, ಗಾಜಿನಲ್ಲಿ ಕಾಣುವುದು ತನ್ನದೇ ಮೂತಿ, ಹೆದರುವುದಾದರೆ ಅದಕ್ಕೇ ಹೆದರಬೇಕು. ಇಷ್ಟು ವರ್ಷ ಆ ಮಾತಿಗೆ ಅವಳೂ ನಗುತ್ತಿದ್ದಳು. ಈಗ ಅವನು ಚೀಲ ಹೆಗಲಿಗೇರಿಸಿ ಹೊರಟ ಮೇಲೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಬಟ್ಟೆ ರಿಪೇರಿ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗ ಫೋನ್ ಸದ್ದಾದರೆ ಸಾಕು, ಸೂಜಿ ಬೆರಳಿಗೆ ಇಳಿಯುತ್ತಿತ್ತು. ಪ್ಯಾಂಟಿನ ಅಂಚು ಮಡಿಸಬೇಕಾದಲ್ಲಿ ಜೇಬನ್ನೇ ಮುಚ್ಚಿ ಹೊಲಿದು ಅಂಗಡಿಯವಳಿಂದ ಬೈಸಿಕೊಂಡಳು.

ಚರ್ಚಿನಲ್ಲಿ ಅವಳು ಕಂಬದ ಹಿಂದಿನ ಬೆಂಚಿಗೆ ಸರಿದಳು. ದೇವರ ಕಣ್ಣಿಗೆ ಬೀಳದಿದ್ದರೆ ಆಡಿದ ಮಾತು ಅವನಿಗೆ ಮರೆತುಹೋದರೂ ಹೋದೀತು ಎಂಬ ಹುಚ್ಚು ಆಸೆ. ಅವಳು ಸೊರಗುವುದನ್ನು ಕಂಡ ಪಾದ್ರಿಗಳು ಹತ್ತಿರ ಕರೆದು ವಿಚಾರಿಸಿದರು. ನಿದ್ದೆ ಬರುತ್ತಿಲ್ಲ ಎಂದಷ್ಟೇ ಹೇಳಿದಳು. ಅವರು ದೇವರ ಕರುಣೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ತಲೆಯ ಮೇಲೆ ಕೈಯಿಟ್ಟರು. ನಿಜ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಬಾಯಿಬಿಟ್ಟು ಹೇಳಿದರೆ ದೇವರಿಗೆ ಮತ್ತೆ ನೆನಪಾಗಿಬಿಟ್ಟರೆ?

ಅಷ್ಟರಲ್ಲಿ ಗಂಡನಿಗೆ ಹೊಸ ಗೋಪುರದ ಕೆಲಸ ಬಂತು. ಊರಿಗೇ ಎತ್ತರದ ಕಟ್ಟಡ. ಅದರ ತುದಿ ನೋಡಲು ಕತ್ತು ನೋಯುತ್ತಿತ್ತು. ಕೆಲಸ ಶುರುವಾಗುವ ಹಿಂದಿನ ರಾತ್ರಿ ಅವಳಿಗೊಂದು ಕನಸು ಬಿತ್ತು. ಕನಸಿನಲ್ಲಿ ಗೋಪುರವಿತ್ತು, ತೂಗುವ ಹಗ್ಗವಿತ್ತು, ಹಗ್ಗದಲ್ಲಿ ಯಾರೂ ಇರಲಿಲ್ಲ. ಎದ್ದವಳೇ ಈ ಕೆಲಸ ಬೇಡವೆಂದು ಅಂಗಲಾಚಿದಳು. ಅವನು ನಕ್ಕು, ಕನಸಿಗೆಲ್ಲ ರಜೆ ಕೊಡುವ ಕಂಪನಿ ಇನ್ನೂ ಹುಟ್ಟಿಲ್ಲ ಎಂದು ಹೊರಟೇಹೋದ. ಅದೃಷ್ಟಕ್ಕೆ ಆ ದಿನ ಹಗ್ಗ ಕಟ್ಟುವುದರಲ್ಲೇ ಕಳೆಯಿತು. ಗೋಡೆಗೆ ಇಳಿಯುವುದು ನಾಳೆ ಎಂದು ಸಂಜೆ ಬಂದು ಹೇಳಿ ಸ್ನಾನಕ್ಕೆ ಹೋದ.

ಅವನ ಚೀಲ ಬಾಗಿಲ ಪಕ್ಕದಲ್ಲೇ ಇತ್ತು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿದ್ದಂತೆ ಅವಳು ಚೀಲದಿಂದ ಸೇಫ್ಟಿ ಬೆಲ್ಟ್ ತೆಗೆದಳು. ಸೊಂಟದ ಪಟ್ಟಿ, ತೊಡೆಯ ಪಟ್ಟಿ ಎರಡೂ ಕೂಡುವಲ್ಲಿ ದಪ್ಪನೆಯ ಕೆಂಪು ದಾರದ ಹೊಲಿಗೆ. ಎಡಗಡೆಯ ಹೊಲಿಗೆಯನ್ನು ಸಾಲುಸಾಲಾಗಿ ಬಿಚ್ಚಿದಳು. ಕೊನೆಯ ಒಂದೆರಡು ಸಾಲು ಮಾತ್ರ ಉಳಿಸಿದಳು.

ಅವಳ ಲೆಕ್ಕಾಚಾರ ಇಷ್ಟು: ದಿನಾ ಬೆಳಿಗ್ಗೆ ಸೂಪರ್‌ವೈಸರ್ ಒಬ್ಬೊಬ್ಬರ ಬೆಲ್ಟನ್ನೂ ಹಿಡಿದು ನೋಡುತ್ತಾನೆ. ಅವನಿಗೆ ಹುಡುಗರು ಇಟ್ಟ ಹೆಸರೇ ಭೂತಗನ್ನಡಿ. ಒಂದೆಳೆ ದಾರ ಎದ್ದಿದ್ದರೂ ಬೆಲ್ಟ್ ಮೂಲೆಗೆಸೆದು, ಹೊಸದು ಬರುವವರೆಗೆ ಮನೆಗೆ ಹೋಗು ಎನ್ನುವ ಆಸಾಮಿ. ಅವನ ಕಣ್ಣಿಗೆ ತಪ್ಪದೆ ಬೀಳಲೆಂದೇ ಅಷ್ಟು ಸಾಲು ಬಿಚ್ಚಿದ್ದು. ಅಲ್ಲಿಗೆ ಗಂಡ ಕೆಲವು ದಿನವಾದರೂ ನೆಲದ ಮೇಲಿರುತ್ತಾನೆ. ಆಮೇಲಿನದು ಆಮೇಲೆ.

ಮರುದಿನ ಅಂಗಡಿಯಲ್ಲಿ ಅವಳ ಫೋನ್ ಸದ್ದಾಯಿತು. ಗಂಡನೇ. ದನಿಯಲ್ಲಿ ಉತ್ಸಾಹ. ಭೂತಗನ್ನಡಿಗೆ ಹಲ್ಲುನೋವು, ಕೀಳಿಸಿಕೊಳ್ಳಲು ಹೋಗಿದ್ದಾನೆ, ಇವತ್ತು ತಪಾಸಣೆಯ ಕಾಟ ಇಲ್ಲ, ಬೇಗ ಶುರುಮಾಡಿ ಬೇಗ ಬರುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿ ಫೋನಿಟ್ಟ.

ಅವಳು ಹೊಲಿಯುತ್ತಿದ್ದ ಬಟ್ಟೆ ಬಿಟ್ಟು ಎದ್ದಳು. ತಿರುಗಿ ಫೋನ್ ಮಾಡಿದಳು. ಅದು ರಿಂಗಾಗುತ್ತಲೇ ಇತ್ತು. ಕೆಲಸಕ್ಕೆ ಇಳಿಯುವಾಗ ಅವನು ಫೋನನ್ನು ಚೀಲದಲ್ಲೇ ಬಿಡುವುದು ಅವಳಿಗೆ ಗೊತ್ತಿತ್ತು.

ಯಾರಿಗೂ ಹೇಳದೆ ಓಡಿದಳು. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಪಕ್ಕದ ಸೀಟಿನವರು ಏನೋ ಕೇಳಿದರು, ಅವಳಿಗೆ ಅರ್ಥವಾಗಲಿಲ್ಲ. ದೇವರು ಕೇಳಿದ್ದನ್ನು ತಾನೇ ತಟ್ಟೆಯಲ್ಲಿಟ್ಟು ಕೊಟ್ಟೆನಲ್ಲ ಎಂಬುದೊಂದೇ ತಲೆಯಲ್ಲಿ ಗುಂಯ್‌ಗುಡುತ್ತಿತ್ತು.

ಗೋಪುರದ ಬುಡದಲ್ಲಿ ಜನ ಒಳಬರದಂತೆ ಪಟ್ಟಿ ಕಟ್ಟಿದ್ದರು. ತಲೆಯೆತ್ತಿ ನೋಡಿದಳು. ಗೋಡೆಯ ನಟ್ಟನಡುವೆ ಗಂಡ ತೂಗುತ್ತಿದ್ದ. ಗಾಳಿ ಬಂದಾಗೆಲ್ಲ ಕಾಲಿನಿಂದ ಗಾಜನ್ನು ಒದ್ದು ಆಚೆ ಹೋಗಿ ಮತ್ತೆ ಬಂದು ತಾಕುತ್ತಿದ್ದ. ಕೂಗಬೇಕೆಂದು ಬಾಯಿ ತೆರೆದವಳು ಕೈಯಿಂದ ಮುಚ್ಚಿಕೊಂಡಳು. ಬೆಚ್ಚಿ ತಿರುಗಿದರೆ?

ಕೆಳಗೆ ಕಾವಲಿಗಿದ್ದ ಹೆಂಗಸಿನ ಕೈಯಲ್ಲಿ, ಮೇಲೆ ತೂಗುವವರ ಹೆಗಲಲ್ಲಿರುವಂಥದೇ ವಾಕಿಟಾಕಿ ಇತ್ತು. ಇವಳು ಅವಳ ತೋಳು ಹಿಡಿದಳು.

"ಅವರಿಗೆ ಅಲ್ಲಾಡಬೇಡಿ ಅಂತ ಹೇಳಿ. ಬೆಲ್ಟಿನ ಹೊಲಿಗೆ ಬಿಟ್ಟಿದೆ."

"ನಿಮಗೆ ಹೇಗಮ್ಮ ಗೊತ್ತು?"

"ನಾನು ಅವರ ಹೆಂಡ್ತಿ. ಬಿಚ್ಚಿದ್ದು ನಾನೇ."

ಕಾವಲಿನ ಹೆಂಗಸು ಅವಳ ಮುಖವನ್ನೇ ಒಂದು ಕ್ಷಣ ನೋಡಿ, ವಾಕಿಟಾಕಿ ಒತ್ತಿ ಅವಳ ಬಾಯಿಯ ಹತ್ತಿರ ಹಿಡಿದಳು.

"ರೀ, ನಾನು. ಕೈಕಾಲು ಆಡಿಸಬೇಡಿ. ಎಡಗಡೆ ಸೊಂಟದ ಹತ್ತಿರ ನೋಡಿ. ಮೆಲ್ಲಗೆ."

ವಾಕಿಟಾಕಿಯಲ್ಲಿ ಗಾಳಿಯ ಸದ್ದು ಕೇಳಿತು. ಮೇಲೆ ಅವನ ತಲೆ ನಿಧಾನಕ್ಕೆ ಬಾಗಿದ್ದು ಕಂಡಿತು.

"ನೋಡ್ದೆ," ಎಂದ. ಅದು ಅವನ ದನಿಯಂತಿರಲಿಲ್ಲ. "ಏಣಿಗೆ ಹೇಳಿ. ಬೇಗ."

ಏಣಿ ಅವನ ಜೊತೆಗಾರ, ಉದ್ದ ಆಸಾಮಿ, ಮಾಳಿಗೆಯ ಮೇಲಿದ್ದ. ಕಾವಲಿನ ಹೆಂಗಸು ಹೇಳಿದ್ದೇ ತಡ, ಇನ್ನೊಂದು ಬೆಲ್ಟ್ ಹೆಗಲಿಗೆ ಹಾಕಿಕೊಂಡು ಪಕ್ಕದ ಹಗ್ಗದಲ್ಲಿ ಇಳಿಯತೊಡಗಿದ. ಗಾಳಿ ಅವನನ್ನು ಬೇರೆ ಕಡೆಗೇ ತಳ್ಳುತ್ತಿತ್ತು. ಗಂಡ ಹಗ್ಗವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಗೋಡೆಗೆ ಅಂಟಿಸಿದ ಕಾಗದದ ಹಾಗೆ ಇದ್ದ.

ಅವಳು ಅಲ್ಲೇ ಕುಸಿದು ಮೊಣಕಾಲೂರಿದಳು. ನನ್ನನ್ನು ತಗೋ, ಅವರನ್ನು ಬಿಡು ಎಂದು ಶುರುಮಾಡಿದವಳು ಅರ್ಧಕ್ಕೇ ನಿಂತಳು. ಮತ್ತೆ ಅದೇ ಚೌಕಾಸಿ. ಕೊಡುವುದಕ್ಕೆ ತನ್ನ ಹತ್ತಿರ ಏನೂ ಇಲ್ಲ, ಇದ್ದದ್ದು ಯಾವುದೂ ತನ್ನದಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. "ಕರುಣಿಸು," ಎಂದಳು. ಅದರಾಚೆ ಮಾತು ಬರಲಿಲ್ಲ. ಯಾವ ಸಮಾಧಾನವೂ ಇಳಿದು ಬರಲಿಲ್ಲ. ಭಯ ಇದ್ದ ಹಾಗೇ ಇತ್ತು, ಅದರೊಳಗೇ ಆ ಒಂದು ಮಾತನ್ನು ಹೇಳುತ್ತಾ ಹೋದಳು.

ಏಣಿ ಎರಡು ಸಲ ಕೈಚಾಚಿ ತಪ್ಪಿದ. ಮೂರನೆಯ ಸಲ ಗಂಡನ ಹೆಗಲು ಹಿಡಿದು ತನ್ನತ್ತ ಎಳೆದುಕೊಂಡ. ಹೊಸ ಬೆಲ್ಟ್ ಹಾಕಿ ಬಿಗಿಯುವಷ್ಟರಲ್ಲಿ ಹಳೆಯದರ ಪಟ್ಟಿ ಕಿತ್ತುಬಂದು ಗಾಳಿಯಲ್ಲಿ ಬಡಿದಾಡಿತು. ಕೆಳಗೆ ನಿಂತ ಕಾವಲಿನ ಹೆಂಗಸು ಕಣ್ಣು ಮುಚ್ಚಿಕೊಂಡಳು. ಆಮೇಲೆ ಇಬ್ಬರೂ ಒಟ್ಟಿಗೆ ನೆಲಕ್ಕೆ ಇಳಿದರು.

ಗಂಡ ಗೋಡೆಗೆ ಒರಗಿ ಕೂತ. ಹೊಲಿಗೆ ಬಿಚ್ಚಿದ್ದು ತಾನೇ ಎಂದು ಅವಳು ಹೇಳಿದಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದ. ಅವಳು ಆಸ್ಪತ್ರೆಯ ಬೆಂಚಿನಿಂದ ಹಿಡಿದು ಎಲ್ಲವನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಏಣಿ ಕೇಳಿಸದವನ ಹಾಗೆ ದೂರ ಸರಿದು ಹಗ್ಗ ಸುತ್ತಿದ.

"ನನ್ನನ್ನ ಕೊಲ್ಲೋಕೆ ಹೊರಟಿದ್ದು ದೇವರಲ್ಲ ಕಣೇ," ಎಂದ ಗಂಡ. ಅಷ್ಟೇ. ಎದ್ದು ಮನೆಯ ದಾರಿ ಹಿಡಿದ.

ಆ ರಾತ್ರಿ ಅವನು ದಿಂಬು ತೆಗೆದುಕೊಂಡು ಮಗಳ ಕೋಣೆಗೆ ಹೋದ. ಮಾರನೆಯ ದಿನ ಏಣಿ ಬಂದು, ಭೂತಗನ್ನಡಿ ಬಾಯಲ್ಲಿ ಹತ್ತಿಯಿಟ್ಟುಕೊಂಡೇ ಕೂಗಾಡಿದನೆಂದೂ, ನೋಡದೆ ಹಾಕಿಕೊಂಡದ್ದು ತನ್ನ ತಪ್ಪು ಎಂದಷ್ಟೇ ಹೇಳಿ ಗಂಡ ಬೈಗುಳವನ್ನೆಲ್ಲ ತಾನೊಬ್ಬನೇ ತಿಂದನೆಂದೂ ಹೇಳಿದ. "ಅತ್ತಿಗೆ, ನಿಮ್ಮ ಹೆಸರು ಎತ್ತಲೇ ಇಲ್ಲ," ಎಂದ. ಅದನ್ನು ಕೇಳಿ ಗಂಡ ತನ್ನನ್ನು ಬೈದಿದ್ದರೇ ವಾಸಿಯಿತ್ತು ಎಂದು ಅವಳಿಗೆ ಅನಿಸಿತು.

ಅತ್ತೆಗೆ ವಿಷಯ ಮಗನಿಂದ ತಿಳಿದಿತ್ತು. ಅವರು ಒಗೆದ ಬಟ್ಟೆ ಮಡಿಸುತ್ತಾ ಸೊಸೆಯನ್ನು ಎದುರಿಗೆ ಕೂರಿಸಿಕೊಂಡರು. ಅವರಿಗೆ ಇವನಿಗಿಂತ ಮೊದಲು ಒಬ್ಬ ಮಗನಿದ್ದ, ಎಳವೆಯಲ್ಲೇ ಹೋದ. ಆ ಮಾತನ್ನು ಅವರು ಎಂದೂ ಎತ್ತಿದವರಲ್ಲ.

"ನಾನೂ ಬೇಡ್ಕೊಂಡಿದ್ದೆ," ಎಂದರು. "ನನ್ನನ್ನ ಕರ್ಕೋ, ಮಗೂನ ಬಿಡು ಅಂತ. ದೇವರು ವ್ಯಾಪಾರಸ್ಥನಾಗಿದ್ರೆ ಒಪ್ಕೋಬೇಕಿತ್ತಲ್ಲ? ಒಪ್ಪಲಿಲ್ಲ. ನಾನು ಉಳಿದೆ. ಆವತ್ತೇ ಗೊತ್ತಾಯ್ತು, ಇದು ಸಂತೆ ಅಲ್ಲ ಅಂತ. ತನ್ನ ಮಗನ್ನೇ ಶಿಲುಬೆಗೆ ಕೊಟ್ಟೋನು ಅವನು. ನಿನ್ನ ಗಂಡನ್ನ ಇಟ್ಕೊಂಡು ಏನು ಮಾಡ್ತಾನೆ?"

"ಹಾಗಾದ್ರೆ ನಿಮ್ಮ ಮಗನ್ನ ಯಾಕೆ ಉಳಿಸಲಿಲ್ಲ, ಅತ್ತೆ?"

ಅತ್ತೆ ಕೈಯಲ್ಲಿದ್ದ ಅಂಗಿಯ ತೋಳನ್ನು ನೇರಮಾಡಿದರು. "ಗೊತ್ತಿಲ್ಲಮ್ಮ. ಅವನ ಹತ್ರ ಹೋದಾಗ ಕೇಳ್ತೀನಿ. ಕೇಳೋಕೆ ಮುಂಚೆ ಅವನೇ ಅಳ್ತಾನೇನೋ. ಅವನಿಗೂ ಗೊತ್ತಲ್ಲ, ಮಗ ಸಾಯೋದು ಅಂದ್ರೆ ಏನು ಅಂತ."

ಅವಳು ಅತ್ತೆಯ ಮಡಿಲಿನಲ್ಲಿ ಮುಖವಿಟ್ಟು ಅತ್ತಳು. ಅವರು ಮಡಿಸಿದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಬೆನ್ನು ಸವರಿದರು.

ಮುಂದಿನ ಭಾನುವಾರ ಗಂಡ ತನ್ನ ದಿಂಬನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೋಣೆಯ ಬಾಗಿಲಲ್ಲಿ ನಿಂತ.

"ನಿನ್ನ ಮಗಳು ಕತ್ತೆ ಹಾಗೆ ಒದೀತಾಳೆ," ಎಂದ. ದಿಂಬನ್ನು ಅದರ ಜಾಗದಲ್ಲಿಟ್ಟ. "ಮೊದಲೇ ನನಗೆ ಹೇಳ್ಬೇಕಿತ್ತು," ಎಂದ.

"ಹೆದರಿಕೆ ಆಗಿತ್ತು."

"ಈಗ?"

"ಈಗಲೂ ಇದೆ."

ಅವನು ತಲೆಯಾಡಿಸಿದ. ಅಂದಿನಿಂದ ತನಗೂ ಇದೆ, ಈಗೀಗ ಕೆಳಗೆ ನೋಡುತ್ತೇನೆ ಎಂದು ಮೆಲ್ಲಗೆ ಒಪ್ಪಿಕೊಂಡ. ಅವಳು ಅವನ ಕೈ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

ಸೋಮವಾರ ಅವನು ಕೆಲಸಕ್ಕೆ ಹೊರಟ. ಅವಳು ತಡೆಯಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಅಲ್ಲೇ ಹೊಸ್ತಿಲ ಬಳಿ ಕೂತು ಗಂಡನಿಗಾಗಿ ಬೇಡಿಕೊಂಡಳು, ಯಾರನ್ನೂ ಬದಲಿಗೆ ಕೊಡದೆ. ಬೇಡಿಕೊಂಡು ಎದ್ದು, ಮಗಳಿಗೆ ಜಡೆ ಹಾಕಲು ಒಳಗೆ ಹೋದಳು.