ಗೇಣು ಕಡಿಮೆ ಪರದೆ

ನ್ಯಾಯಾಧೀಶೆ ಬರುವ ದಿನ ಜೈಲಿನ ಹೆಂಗಸರ ಬ್ಯಾರಕ್ಕಿಗೆ ಮದುವೆ ಹೆಣ್ಣಿನ ಸಿಂಗಾರ. ಕಿಟಕಿಗಳಿಗೆ ಹೂವಿನ ಪರದೆ ಏರುತ್ತಿತ್ತು. ಅವರ ಕಾರು ವಾಪಸು ಗೇಟು ದಾಟಿದೊಡನೆ ಪರದೆ ಇಳಿದು ಪೆಟ್ಟಿಗೆ ಸೇರುತ್ತಿತ್ತು. ಈ ಸಲ ಹೊಸ ಬಟ್ಟೆ ಬಂದಿತ್ತು. ಹೊಲಿಯಲು ಕೂತವಳು ಕೈದಿಗಳ ಪೈಕಿ ಟೈಲರಮ್ಮ.

ಮೂಲೆಯಲ್ಲಿ ಹೊಸ ಹುಡುಗಿ ಮೊಣಕಾಲು ಬಿಗಿಹಿಡಿದು ಕೂತಿದ್ದಳು, ಊಟಕ್ಕೂ ಎದ್ದಿರಲಿಲ್ಲ. ಮುಟ್ಟಿಗೆಂದು ಕೊಟ್ಟ ಪ್ಯಾಡು ಅರ್ಧಕ್ಕೇ ಮುಗಿದಿತ್ತು. ಮತ್ತೆ ಕೇಳಿದರೆ ಇದೇನು ನಿಮ್ಮಪ್ಪನ ಅಂಗಡಿಯಾ ಎಂಬ ಉತ್ತರ. ಟೈಲರಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪ್ರತಿ ಪರದೆಯ ಕೆಳಗಿಂದ ಒಂದೊಂದು ಗೇಣು ಕತ್ತರಿಸಿ, ಅವಳಿಗೂ ಉಳಿದವರಿಗೂ ಮಡಿಸಿ ಕೊಟ್ಟಳು.

ಮರುದಿನ ಬೆಳಿಗ್ಗೆ ವಾರ್ಡರಮ್ಮ ಕಿಟಕಿ ನೋಡಿ ನಿಂತಳು. "ಏನೇ, ಪರದೆಗೆ ಚಡ್ಡಿ ತೊಡಿಸಿದ್ದೀಯಾ?"

ಮುಸಿಮುಸಿ ನಗು ಎದ್ದು ಅಡಗಿತು. ತುಂಡು ಎಲ್ಲಿ ಹೋಯಿತೆಂದು ವಾರ್ಡರಮ್ಮ ಕೇಳಲಿಲ್ಲ. ಅವಳೂ ಹೆಣ್ಣೇ, ಗೊತ್ತಿತ್ತು. ಜಡ್ಜ್ ಅಮ್ಮಾವ್ರು ಕೇಳಿದರೆ ಅಳತೆ ತಪ್ಪಿತು ಅನ್ನಬೇಕು, ಇಲ್ಲದಿದ್ದರೆ ಭಾನುವಾರ ಮಗಳ ಮುಖ ನೋಡುವುದನ್ನು ಮರೆತುಬಿಡು ಎಂದು ಮೆಲ್ಲಗೆ ಹೇಳಿ ಹೋದಳು.

ಟೈಲರಮ್ಮನಿಗೆ ಮುಳ್ಳಿನ ಮೇಲೆ ಕೂತಂತಾಯಿತು. ಎದ್ದಳು, ಕೂತಳು, ಮಡಿಸಿಟ್ಟ ಕಂಬಳಿಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಕಳೆದ ಸಲ ಮಗಳು ಜಾಲರಿಯೊಳಗೆ ಬೆರಳು ತೂರಿಸಿ, ಮುಂದಿನ ಸಲ ಹೊಸ ಫ್ರಾಕು ಹಾಕಿಕೊಂಡು ಬರುತ್ತೇನೆ ಎಂದಿದ್ದಳು. ಒಂದು ಸುಳ್ಳು ಹೇಳಿದರೆ ಯಾರಪ್ಪನ ಗಂಟೇನು ಹೋಗುತ್ತದೆ?

ನ್ಯಾಯಾಧೀಶೆ ಬಂದರು. ಊಟ ಹೇಗಿದೆ ಎಂದರು, ನೀರು ಹೇಗಿದೆ ಎಂದರು. ಎಲ್ಲದಕ್ಕೂ ಚೆನ್ನಾಗಿದೆ ಎಂಬ ಒಂದೇ ರಾಗ. ಹೊರಡುವಾಗ ಕಿಟಕಿಯತ್ತ ನೋಡಿ, ಪರದೆ ಯಾಕೆ ಗಿಡ್ಡವಾಗಿದೆ ಎಂದು ಕೇಳಿದರು.

"ಅಳತೆ..." ಎಂದಳು ಟೈಲರಮ್ಮ. ಹೊಸ ಹುಡುಗಿ ತಲೆ ತಗ್ಗಿಸಿದಳು. ಕಾರು ಹೋದ ಮೇಲೆ ಪರದೆ ಪೆಟ್ಟಿಗೆಗೆ. ಮುಂದಿನ ತಿಂಗಳು ಈ ಹುಡುಗಿ ಮತ್ತೆ ಮೂಲೆಗೆ.

"ಅಳತೆ ಸರಿಯಾಗೇ ಇತ್ತು, ತಾಯಿ. ಮುಟ್ಟಿಗೆ ಬಟ್ಟೆ ಇರ್ಲಿಲ್ಲ. ನಾನೇ ಕತ್ತರಿಸ್ದೆ."

ಚಾಪೆ ಎತ್ತಿ ತೋರಿಸಿದಳು. ಒಗೆದ ತುಂಡುಗಳು, ಹೊರಗೆ ಬಿಸಿಲಿಗೆ ಹಾಕಲು ಅಪ್ಪಣೆಯಿಲ್ಲದೆ ಅಲ್ಲೇ ಹಸಿಹಸಿಯಾಗಿ ಬಿದ್ದಿದ್ದವು, ಪರದೆಯದೇ ಹೂಗಳು.

ನ್ಯಾಯಾಧೀಶೆ ಬಗ್ಗಿ ಒಂದನ್ನು ಮುಟ್ಟಿ ನೋಡಿದರು. "ಇದನ್ನ ಹೇಳಿದ್ದಕ್ಕೆ ನಿನಗೇನು ಮಾಡ್ತಾರೆ?"

"ಭಾನುವಾರ ಮಗಳನ್ನ ಬಿಡಲ್ಲ."

ಅವರು ವಾರ್ಡರಮ್ಮನತ್ತ ತಿರುಗಿದರು. ಅಂಗಳಕ್ಕೊಂದು ಹಗ್ಗ, ಕೇಳಿದಷ್ಟು ಪ್ಯಾಡು, ಮಗಳ ಭೇಟಿ. ಸೋಮವಾರ ಬಂದು ನೋಡುತ್ತೇನೆ ಎಂದಷ್ಟೇ ಹೇಳಿ ಹೋದರು.

ಸೋಮವಾರಕ್ಕೆ ಮೊದಲು ಭಾನುವಾರವಿತ್ತಲ್ಲ. ಬೀಗದಕೈ ಸದ್ದಾದಾಗಲೆಲ್ಲ ಟೈಲರಮ್ಮ ಎದ್ದು ನಿಂತಳು. ಒಬ್ಬೊಬ್ಬರನ್ನೇ ಕರೆದರು, ಅವಳನ್ನು ಕರೆಯಲಿಲ್ಲ. ಅಂಗಳದ ಹಗ್ಗದ ಮೇಲೆ ಹೂಬಟ್ಟೆ ಬಿಸಿಲು ಕಾಯುತ್ತಿತ್ತು.

"ಕೂತ್ಕೋ ಅಕ್ಕ, ನಿನ್ನ ನೋಡಿ ನಂಗೆ ತಲೆ ತಿರುಗ್ತಿದೆ," ಎಂದಳು ಹುಡುಗಿ.

ಕೂತಳು. ಕಡೆಗೆ ವಾರ್ಡರಮ್ಮ ಬಂದು, ಮುಖ ನೋಡದೆ, "ಬಾ. ಹೊಸ ಫ್ರಾಕು ಅಂತ ಗೇಟಲ್ಲಿ ಎಲ್ಲರಿಗೂ ತೋರಿಸ್ತಾ ಇದ್ದಾಳೆ ನಿನ್ನ ಮಗಳು," ಎಂದಳು.

ಅಷ್ಟು ಹೊತ್ತು ಎದ್ದೆದ್ದು ನಿಂತವಳಿಗೆ ಈಗ ಕಾಲೇ ಏಳಲಿಲ್ಲ. ಹುಡುಗಿ ರಟ್ಟೆ ಹಿಡಿದು ಎಬ್ಬಿಸಿದಳು.